ಮ್ಯಾಸ್ಕಟ್ ಆದ ಪ್ರಾಣಿಗೆ ಏನು ಸಿಕ್ಕಿತು? ಭಾರತೀಯ ಒಲಿಂಪಿಕ್ ಸಂಸ್ಥೆಗೆ ಒಂದು ಬಹಿರಂಗ ಪತ್ರ

ಇವರಿಗೆ,
ಶ್ರೀಮತಿ ಪಿ. ಟಿ. ಉಷಾ,
ಅಧ್ಯಕ್ಷರು, ಭಾರತೀಯ ಒಲಿಂಪಿಕ್ ಸಂಸ್ಥೆ,
ನವದೆಹಲಿ.

ವಿಷಯ: ರಾಷ್ಟ್ರೀಯ ಕ್ರೀಡಾಕೂಟಕ್ಕೆ ಮ್ಯಾಸ್ಕಟ್ (ಕೂಟದ ಗುರುತಿನ ಗೊಂಬೆ) ಆಗಿ ಬಳಸಿಕೊಂಡ ಪ್ರಾಣಿಗಳಿಗಾಗಿ ಏನು ಮಾಡಿದೆವು ಅಂತ ಆತಿಥೇಯ ರಾಜ್ಯಗಳು ಲೆಕ್ಕ ಕೊಡುವ ಬಗ್ಗೆ.

ಮಾನ್ಯ ಉಷಾ ಮೇಡಂ,

ನಾನು ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲ್ಲೂಕಿನವನು. ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದು ನಿವೃತ್ತನಾದವನು. ಊರಿನವರ ಬಾಯಲ್ಲಿ ಈಗಲೂ ಪಿಟಿ ಮಾಸ್ತರ. ಲಾಸ್ ಏಂಜಲಿಸ್‌ನಲ್ಲಿ ಸೆಕೆಂಡಿನ ನೂರರಲ್ಲಿ ಒಂದು ಪಾಲಿಗೆ ನಿಮ್ಮ ಕಂಚು ತಪ್ಪಿದ ಕಥೆ ಹೇಳಿಯೇ ನಮ್ಮ ಮಕ್ಕಳಿಗೆ ಓಟದ ಫಿನಿಶ್ ಕಲಿಸಿದ್ದೇನೆ. ಹಾಗಾಗಿ ನಿಮಗೆ ನನ್ನ ಪರಿಚಯ ಇಲ್ಲದಿದ್ದರೂ ನನಗೆ ನಿಮ್ಮ ಪರಿಚಯ ಹಳೆಯದು. ಆ ಸಲುಗೆಯಿಂದ ಬರೆಯುತ್ತಿದ್ದೇನೆ.

ನನ್ನ ತಕರಾರು ಮ್ಯಾಸ್ಕಟ್ ಬಗ್ಗೆ. ದೇಶದ ಕ್ರೀಡೆಗೆ ಇರುವ ನೂರು ತೊಂದರೆಗಳ ನಡುವೆ ಇದೊಂದು ವಿಷಯವಾ ಅಂತ ನಿಮಗೆ ಅನಿಸಬಹುದು. ಪೂರ್ತಿ ಓದಿ, ಆಮೇಲೆ ಹೇಳಿ.

ರಾಷ್ಟ್ರೀಯ ಕ್ರೀಡಾಕೂಟ ಬಂದಾಗಲೆಲ್ಲ ಆತಿಥೇಯ ರಾಜ್ಯ ತನ್ನ ಕಾಡಿನಿಂದ ಒಂದು ಪ್ರಾಣಿಯನ್ನೋ ಹಕ್ಕಿಯನ್ನೋ ಆರಿಸಿಕೊಳ್ಳುತ್ತದೆ. 2007ರಲ್ಲಿ ಗುವಾಹಟಿಯಲ್ಲಿ ಘೇಂಡಾಮೃಗದ ಮರಿ ರೊಂಗ್ಮೊನ್ ಇತ್ತು. 2015ರಲ್ಲಿ ಕೇರಳದ ಮಂಗಟ್ಟೆ ಹಕ್ಕಿ ಅಮ್ಮು. 2022ರಲ್ಲಿ ಗುಜರಾತಿನ ಸಿಂಹ ಸಾವಜ್. 2023ರಲ್ಲಿ ಗೋವಾದ ಕಾಡುಕೋಣ ಮೋಗಾ. 2025ರಲ್ಲಿ ಉತ್ತರಾಖಂಡದ ಮೋನಾಲ್ ಹಕ್ಕಿ ಮೌಲಿ. ದೊಡ್ಡ ವೇದಿಕೆಯಲ್ಲಿ ಪರದೆ ಸರಿಸಿ ಅನಾವರಣ ಮಾಡುತ್ತಾರೆ. ಮಂತ್ರಿಗಳು ಅದರ ಕೈ ಕುಲುಕುತ್ತಾರೆ. ಅದು ನಮ್ಮ ರಾಜ್ಯದ ಹೆಮ್ಮೆ, ಶಕ್ತಿ, ಸಂಸ್ಕೃತಿ ಅಂತ ಭಾಷಣ ಆಗುತ್ತದೆ. ಹದಿನೈದು ದಿನ ಬ್ಯಾನರಿನಲ್ಲಿ, ಟೀಶರ್ಟಿನಲ್ಲಿ, ಪ್ರಮಾಣಪತ್ರದ ಮೂಲೆಯಲ್ಲಿ ಅದೇ ಮುಖ. ಸಮಾರೋಪ ಮುಗಿಯುತ್ತದೆ. ಆಟಗಾರರಿಗೆ ಪದಕ ಸಿಕ್ಕಿರುತ್ತದೆ, ಅಧಿಕಾರಿಗಳಿಗೆ ಬ್ಲೇಜರ್ ಸಿಕ್ಕಿರುತ್ತದೆ, ಗುತ್ತಿಗೆದಾರರ ಬಿಲ್ ಪಾಸಾಗಿರುತ್ತದೆ. ಆ ಪ್ರಾಣಿಗೆ ಏನು ಸಿಕ್ಕಿತು ಅಂತ ಕೇಳುವ ಪದ್ಧತಿಯೇ ನಮ್ಮಲ್ಲಿ ಇಲ್ಲ. ಅದನ್ನು ಶುರು ಮಾಡಿ ಅಂತ ಕೇಳುವುದಕ್ಕೇ ಈ ಪತ್ರ.

ಮೊದಲು ನಿಮ್ಮದೇ ಕಾಲದ ಒಂದು ಮಾತು. 1982ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ನೀವು 100 ಮತ್ತು 200 ಮೀಟರ್ ಎರಡರಲ್ಲೂ ಬೆಳ್ಳಿ ಗೆದ್ದಿರಿ. ಆಗ ಮ್ಯಾಸ್ಕಟ್ ಆಗಿದ್ದದ್ದು ಮರಿಯಾನೆ ಅಪ್ಪು. ನನ್ನ ವಯಸ್ಸಿನವರಿಗೆ ಮ್ಯಾಸ್ಕಟ್ ಅಂದರೆ ಈಗಲೂ ಅಪ್ಪುನೇ. ಆ ಚಿತ್ರದ ಹಿಂದೆ ಕುಟ್ಟಿನಾರಾಯಣನ್ ಅನ್ನುವ ನಿಜವಾದ ಆನೆ ಇತ್ತು. ನಿಮ್ಮ ಕೇರಳದ್ದೇ, ಗುರುವಾಯೂರಿನದು. ಗೇಮ್ಸ್ ಮುಗಿದ ಮೇಲೆ ದೆಹಲಿಯಲ್ಲಿ ಅಪ್ಪುವಿನ ಹೆಸರಿನಲ್ಲಿ ಅಪ್ಪು ಘರ್ ಎಂಬ ಮನರಂಜನಾ ಪಾರ್ಕ್ ಎದ್ದಿತು. ಆನೆ ಮಾತ್ರ ಗುಂಡಿಗೆ ಬಿದ್ದು ಕಾಲು ಮುರಿದುಕೊಂಡಿತು. ಆ ಕಾಲು ಸರಿಹೋಗಲೇ ಇಲ್ಲ. ಕುಂಟುತ್ತಲೇ ಬದುಕಿ 2005ರಲ್ಲಿ ಸತ್ತಿತು. ಅದು ಅಪಘಾತ, ಯಾರನ್ನೂ ದೂರುತ್ತಿಲ್ಲ. ಆದರೆ ದೇಶಕ್ಕೆಲ್ಲ ಗೊತ್ತಿದ್ದ ಆ ಆನೆ ಸತ್ತದ್ದು ಎಷ್ಟು ಜನರಿಗೆ ಗೊತ್ತಾಯಿತು, ಹೇಳಿ? ನಮ್ಮ ಮ್ಯಾಸ್ಕಟ್ ಕಥೆ ಶುರುವಾದದ್ದೇ ಹೀಗೆ.

ಈಗ ಸಾವಜ್‌ಗೆ ಬರುತ್ತೇನೆ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ವಿಷಯ ಬರೀ ಮರೆವಿನದಲ್ಲ.

ಏಷ್ಯಾದ ಸಿಂಹ ಕಾಡಿನಲ್ಲಿ ಉಳಿದಿರುವುದು ಗುಜರಾತಿನಲ್ಲಿ ಮಾತ್ರ, ಗಿರ್ ಮತ್ತು ಅದರ ಸುತ್ತಮುತ್ತ. ಗುಜರಾತ್ ಸಿಂಹವನ್ನು ಉಳಿಸಲಿಲ್ಲ ಅಂತ ನಾನು ಹೇಳಿದರೆ ಸುಳ್ಳಾಗುತ್ತದೆ. 2020ರಲ್ಲಿ 674 ಇದ್ದವು 2025ರ ಗಣತಿಯಲ್ಲಿ 891 ಆದವು. ಅಲ್ಲಿನ ದನ ಸಾಕುವ ಮಾಲಧಾರಿಗಳು, ರೈತರು ಸಿಂಹದ ಜೊತೆ ಬದುಕುವುದನ್ನು ನೋಡಿದರೆ ಯಾರಿಗಾದರೂ ಗೌರವ ಬರಬೇಕು. ತೊಂದರೆ ಏನೆಂದರೆ, ಎಲ್ಲವೂ ಒಂದೇ ಸೀಮೆಯಲ್ಲಿವೆ. ಒಂದು ಸಾಂಕ್ರಾಮಿಕ ರೋಗ ಬಂದರೆ ಮುಗಿಯಿತು. ಆಫ್ರಿಕಾದ ಸೆರೆಂಗೆಟಿಯಲ್ಲಿ 1994ರಲ್ಲಿ ಕ್ಯಾನೈನ್ ಡಿಸ್ಟೆಂಪರ್ ವೈರಸ್ ಬಂದು ಅಲ್ಲಿನ ಸಿಂಹಗಳಲ್ಲಿ ಮೂರರಲ್ಲಿ ಒಂದು ಪಾಲು ಸತ್ತವು. ಅದೇ ವೈರಸ್ 2018ರಲ್ಲಿ ಗಿರ್ ಪೂರ್ವದ ದಲ್ಖಾಣಿಯಾ ವಲಯದಲ್ಲಿ ಕಾಣಿಸಿಕೊಂಡಿತು. ಕೆಲವೇ ವಾರಗಳಲ್ಲಿ 23 ಸಿಂಹ ಸತ್ತವು.

ಈ ಅಪಾಯ ತಜ್ಞರಿಗೆ ಮೊದಲೇ ಗೊತ್ತಿತ್ತು. ಅದಕ್ಕೇ ಮಧ್ಯಪ್ರದೇಶದ ಕುನೋದಲ್ಲಿ ಸಿಂಹಕ್ಕೆ ಎರಡನೇ ಮನೆ ಮಾಡಲು ಹೊರಟಿದ್ದರು. 24 ಹಳ್ಳಿಗಳ ಜನರನ್ನು ಅಲ್ಲಿಂದ ಎಬ್ಬಿಸಿದರು. ಆ ಜನ ಸಿಂಹಕ್ಕಾಗಿ ಮನೆ, ಹೊಲ ಬಿಟ್ಟರು. ಗುಜರಾತ್ ಸಿಂಹ ಕೊಡಲು ಒಪ್ಪಲಿಲ್ಲ. ವಿಷಯ ಸುಪ್ರೀಂ ಕೋರ್ಟ್‌ಗೆ ಹೋಯಿತು. 2013ರ ಏಪ್ರಿಲ್‌ನಲ್ಲಿ ಕೋರ್ಟ್ ಆರು ತಿಂಗಳೊಳಗೆ ಸಿಂಹಗಳನ್ನು ಕುನೋಗೆ ಕಳಿಸಿ ಅಂದಿತು. ಒಂದೇ ಒಂದು ಸಿಂಹವೂ ಹೋಗಲಿಲ್ಲ. ರಾಜ್ಯದೊಳಗೇ ಇರುವ ಬರ್ಡಾ ಅಭಯಾರಣ್ಯ ಸಾಕು ಅನ್ನುವುದು ಗುಜರಾತಿನ ವಾದ. ಗಿರ್‌ನಿಂದ ಅದೇನೂ ಭಾರಿ ದೂರದಲ್ಲಿಲ್ಲ.

ಈಗ ತಾರೀಖು ನೋಡಿ. 2022ರ ಸೆಪ್ಟೆಂಬರ್ 17ಕ್ಕೆ ಕುನೋದಲ್ಲಿ ನಮೀಬಿಯಾದ ಚೀತಾಗಳನ್ನು ಬಿಟ್ಟರು. ಸಿಂಹಕ್ಕಾಗಿ ಖಾಲಿ ಮಾಡಿಸಿದ ಜಾಗಕ್ಕೆ ಚೀತಾ ಬಂತು. ಅದೇ ತಿಂಗಳ 29ಕ್ಕೆ ಅಹಮದಾಬಾದಿನಲ್ಲಿ 36ನೇ ರಾಷ್ಟ್ರೀಯ ಕ್ರೀಡಾಕೂಟ ಉದ್ಘಾಟನೆ ಆಯಿತು. ಮ್ಯಾಸ್ಕಟ್ ಯಾರು? ಗುಜರಾತಿನ ಹೆಮ್ಮೆ, ಸಾವಜ್.

ನನಗೆ ಕಸಿವಿಸಿ ಆಗುವುದು ಇಲ್ಲೇ, ಮೇಡಂ. ಒಂದು ಪ್ರಾಣಿಯನ್ನು ನಮ್ಮ ರಾಜ್ಯದ ಹೆಮ್ಮೆ ಅಂತ ಮೆರೆಸಿದಷ್ಟೂ ಅದನ್ನು ಬೇರೆಯವರಿಗೆ ಕೊಡುವುದು ಅವಮಾನ ಅನ್ನಿಸತೊಡಗುತ್ತದೆ. ಸಿಂಹ ಬೇರೆ ರಾಜ್ಯಕ್ಕೆ ಹೋದರೆ ನಮ್ಮ ಮರ್ಯಾದೆ ಹೋದಂತೆ ಅನ್ನುವ ಭಾವನೆ ಜನರಲ್ಲಿ ಗಟ್ಟಿಯಾಗುತ್ತದೆ. ಮ್ಯಾಸ್ಕಟ್ ಆ ಭಾವನೆಗೆ ಇನ್ನಷ್ಟು ಬಣ್ಣ ಬಳಿಯುತ್ತದೆ. ಇಡೀ ದೇಶ ಒಂದೆಡೆ ಸೇರುವ ಕೂಟದಲ್ಲಿ ಈ ಕೆಲಸ ಆಗಬಾರದಿತ್ತು. ಕೂಟ ನಡೆಯುವುದು ನಿಮ್ಮ ಸಂಸ್ಥೆಯ ಹೆಸರಿನಲ್ಲಿ. ನೀವಾದರೂ ಒಂದು ಮಾತು ಕೇಳಬಹುದಿತ್ತು, ಅಲ್ವಾ?

ಇನ್ನು ಮೋಗಾ. ಇದು ನನ್ನ ಮನೆ ಬಾಗಿಲಿನ ವಿಷಯ.

ಜೋಯಿಡಾ ದಾಟಿ ಅನ್ಮೋಡ್ ಘಾಟ್ ಇಳಿದರೆ ಗೋವಾದ ಮೊಲೆಂ. ಈ ಕಡೆ ನಮ್ಮ ಕಾಳಿ ಹುಲಿ ಸಂರಕ್ಷಿತ ಪ್ರದೇಶ, ಆ ಕಡೆ ಅವರ ಮಹಾವೀರ ಅಭಯಾರಣ್ಯ. ಕಾಡು ಒಂದೇ. ಗಡಿಯ ಬೋರ್ಡು ನಮಗೆ ಮಾತ್ರ, ಕಾಟಿಗಳಿಗೆ ಅದು ಗೊತ್ತಿಲ್ಲ. ಕಾಡುಕೋಣವನ್ನು ನಾವು ಕಾಟಿ ಅಂತಲೂ ಕರೆಯುತ್ತೇವೆ. ಗೋವಾಕ್ಕೆ ಅದು ರಾಜ್ಯಪ್ರಾಣಿ. ಗೋವಾ ಮೊದಲು ಕ್ರೀಡಾಕೂಟಕ್ಕೆ ತಯಾರಾದಾಗ ತನ್ನ ರಾಜ್ಯಪಕ್ಷಿಯಾದ ಕೆಂಪು ಕೊರಳಿನ ಪಿಕಳಾರವನ್ನು ಮ್ಯಾಸ್ಕಟ್ ಮಾಡಿತ್ತು. ರುಬಿಗುಲಾ ಅಂತ ಹೆಸರೂ ಇಟ್ಟಿದ್ದರು. ಕೂಟ ಮುಂದೆ ಮುಂದೆ ಹೋಯಿತು, ಹಕ್ಕಿ ಮೂಲೆಗೆ ಸೇರಿತು, ಕಾಟಿ ಬಂತು. ಪಾಪ, ಆ ಹಕ್ಕಿಗೆ ಮೆರೆಯುವ ಹದಿನೈದು ದಿನವೂ ಸಿಗಲಿಲ್ಲ.

ಅದೇ ಗೋವಾದಲ್ಲಿ 2016ರಲ್ಲಿ ಅಂದಿನ ಕೃಷಿ ಮಂತ್ರಿಗಳು ಬೆಳೆ ಹಾಳುಮಾಡುವ ಉಪದ್ರವಿ ಪ್ರಾಣಿಗಳ ಪಟ್ಟಿಯಲ್ಲಿ ಮಂಗ, ಕಾಡುಹಂದಿಗಳ ಜೊತೆ ಕಾಡುಕೋಣವನ್ನೂ ಹೆಸರಿಸಿದ್ದರು. ಏಳು ವರ್ಷಕ್ಕೆ ಅದೇ ಪ್ರಾಣಿ ಜರ್ಸಿ ಹಾಕಿಕೊಂಡು ನಿಂತಿತು. 2023ರ ಜುಲೈ 24ಕ್ಕೆ ಗೋವಾದ ಹೈಕೋರ್ಟ್ ಪೀಠ ಮಹದಾಯಿ ಅಭಯಾರಣ್ಯದಿಂದ ಕೋಟಿಗಾಂವ್ ಅಭಯಾರಣ್ಯದವರೆಗಿನ ಕಾಡನ್ನು ಮೂರು ತಿಂಗಳಲ್ಲಿ ಹುಲಿ ಸಂರಕ್ಷಿತ ಪ್ರದೇಶ ಅಂತ ಘೋಷಿಸಿ ಅಂದಿತ್ತು. 2020ರ ಆರಂಭದಲ್ಲಿ ಮಹದಾಯಿಯಲ್ಲಿ ತಾಯಿ ಹುಲಿ, ಮರಿಗಳು ಸೇರಿ ನಾಲ್ಕು ಹುಲಿಗಳು ವಿಷಕ್ಕೆ ಬಲಿಯಾಗಿದ್ದು ನಿಮಗೆ ನೆನಪಿರಬಹುದು. ಹುಲಿಗೆ ಸಿಗುವ ರಕ್ಷಣೆ ಅದೇ ಕಾಡಿನ ಕಾಟಿಗೂ ಸಿಗುತ್ತಿತ್ತು. ರಾಜ್ಯ ಸರ್ಕಾರ ಘೋಷಿಸುವ ಬದಲು ಸುಪ್ರೀಂ ಕೋರ್ಟ್‌ಗೆ ಹೋಯಿತು. ಮೂರು ತಿಂಗಳ ಗಡುವು ಮುಗಿದದ್ದು ಅಕ್ಟೋಬರ್ 24ಕ್ಕೆ. 37ನೇ ಕ್ರೀಡಾಕೂಟ ಫಾತೋರ್ಡಾದಲ್ಲಿ ಉದ್ಘಾಟನೆ ಆದದ್ದು ಅಕ್ಟೋಬರ್ 26ಕ್ಕೆ.

ಇದೇ ಕಾಡಿನ ನಡುವೆ ಕ್ಯಾಸಲ್‌ರಾಕ್‌ನಿಂದ ಕುಳೆಂವರೆಗೆ ರೈಲು ಜೋಡಿಮಾರ್ಗ ಮಾಡುವ ಯೋಜನೆಯೂ ಇತ್ತು. ವನ್ಯಜೀವಿ ಮಂಡಳಿ ಅದಕ್ಕೆ ಕೊಟ್ಟಿದ್ದ ಒಪ್ಪಿಗೆಯನ್ನು 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಅದಕ್ಕಾಗಿ ಹೋರಾಡಿದವರಲ್ಲಿ ಗೋವಾದ ಕಾಲೇಜು ಹುಡುಗ ಹುಡುಗಿಯರು ತುಂಬ ಇದ್ದರು. ಮೋಗಾನನ್ನು ಅನಾವರಣ ಮಾಡಲು ಯಾರನ್ನಾದರೂ ಕರೆಯುವುದಿದ್ದರೆ ನಾನಾಗಿದ್ದರೆ ಅವರನ್ನು ಕರೆಯುತ್ತಿದ್ದೆ.

ಗೋವಾ ಕೂಟ ನೋಡಲು ನಾನೂ ಹೋಗಿದ್ದೆ. 43 ಕ್ರೀಡೆಗಳಿದ್ದವು, ಎಲ್ಲಿ ನೋಡುವುದು ಎಲ್ಲಿ ಬಿಡುವುದು ತಿಳಿಯದು. ವಾಪಸು ಬರುವಾಗ ಮೋಗಾನ ಚಿತ್ರ ಇದ್ದ ಒಂದು ಟೋಪಿ ತಂದೆ. ಪಕ್ಕದ ಶಾಲೆಯ ಮಕ್ಕಳಿಗೆ ತೋರಿಸಿ ಇದು ಯಾವ ಪ್ರಾಣಿ ಅಂತ ಕೇಳಿದೆ. ಕುಣಬಿ ಮಕ್ಕಳು, ಗೌಳಿ ಮಕ್ಕಳು, ಸಿದ್ದಿ ಮಕ್ಕಳು. ಕಾಟಿಯನ್ನು ದಾರಿ ಮೇಲೆ ಕಂಡು ಶಾಲೆಗೆ ತಡವಾಗಿ ಬರುವವರು. ಒಬ್ಬ ಎಮ್ಮೆ ಅಂದ. ಇನ್ನೊಬ್ಬಳು, ಸರ್ ಇದು ಕಂಬಳದ ಕೋಣ ಅಂದಳು. ಕಾಟಿ ಅಂತ ನಾನೇ ಹೇಳಬೇಕಾಯಿತು. ಆಗ ಒಬ್ಬ ಕೇಳಿದ: ಸರ್, ಕಾಟಿಗೆ ಕಾಲಲ್ಲಿ ಬಿಳಿ ಸಾಕ್ಸ್ ಇರ್ತದಲ್ಲ, ಅದೆಲ್ಲಿ?

ಮಕ್ಕಳ ಈ ಪ್ರಶ್ನೆಯಲ್ಲಿ ಒಂದು ದೂರು ಇದೆ. ನಮ್ಮ ಮ್ಯಾಸ್ಕಟ್‌ಗಳು ಹೆಚ್ಚಿನವು ಎರಡು ಕಾಲಿನ ಮೇಲೆ ನಿಂತು, ನಗುತ್ತಾ, ಕೈ ಎತ್ತಿರುತ್ತವೆ. ತಲೆ ಬದಲಿಸಿದರೆ ಸಿಂಹ, ತಲೆ ಬದಲಿಸಿದರೆ ಕೋಣ. ಚಿತ್ರ ಬಿಡಿಸುವವರು ಆ ಪ್ರಾಣಿಯನ್ನು ಕಾಡಿನಲ್ಲಿ ಒಮ್ಮೆಯಾದರೂ ನೋಡಿರಬೇಕು ಅಂತ ನಿಯಮ ಮಾಡಿದರೆ ತಪ್ಪೇನು? ಇದು ನನ್ನ ಚಿಕ್ಕ ಕೋರಿಕೆ, ದೊಡ್ಡವು ಮುಂದಿವೆ.

ಅದಕ್ಕೂ ಮೊದಲು ಒಂದು ವಿಷಯ ಸ್ಪಷ್ಟ ಮಾಡಬೇಕು. ನಾನು ಫೋಟೊ ಹಾಕಿಕೊಳ್ಳುವ ಪ್ರಾಣಿಪ್ರೇಮಿ ಅಲ್ಲ. ಕಾಟಿ ಹಿಂಡು ಒಂದು ರಾತ್ರಿ ಗದ್ದೆಗೆ ಇಳಿದರೆ ಬೆಳಿಗ್ಗೆ ಅಲ್ಲಿ ಕೊಯ್ಯುವುದಕ್ಕೆ ಏನೂ ಇರುವುದಿಲ್ಲ. ಸಾವಿರ ಕಿಲೋ ತೂಗುವ ಪ್ರಾಣಿ ಅಡಿಕೆ ಸಸಿಗಳ ನಡುವೆ ನಡೆದರೆ ಏನಾಗುತ್ತದೆ ಅಂತ ನೋಡಿದವರಿಗೇ ಗೊತ್ತು. ಪರಿಹಾರಕ್ಕೆ ಪಹಣಿ, ಫೋಟೊ, ಮಹಜರು ಅಂತ ಓಡಾಡಿ, ಕೊನೆಗೆ ಬರುವ ದುಡ್ಡು ಓಡಾಟದ ಖರ್ಚಿಗೂ ಸಾಲದೆ ಹೋದದ್ದನ್ನು ಅನುಭವಿಸಿದ್ದೇನೆ. ನನ್ನ ಪಕ್ಕದ ಗದ್ದೆಯವನು ಈಗ ಅರ್ಜಿ ಹಾಕುವುದನ್ನೇ ಬಿಟ್ಟಿದ್ದಾನೆ. ನಮ್ಮೂರಲ್ಲಿ ಕಾಟಿಯನ್ನು ಬಯ್ಯದವರಿಲ್ಲ. ಆದರೂ ಯಾರೂ ಅದಕ್ಕೆ ವಿಷ ಇಟ್ಟಿಲ್ಲ. ಈ ಸಹನೆಗೆ ಬೆಲೆ ಕಟ್ಟುವವರು ಯಾರು? ರಾಜಧಾನಿಯಲ್ಲಿ ಮ್ಯಾಸ್ಕಟ್ ಅನಾವರಣ ಮಾಡುವಾಗ ಈ ಜನ ಯಾರ ಲೆಕ್ಕದಲ್ಲೂ ಇರುವುದಿಲ್ಲ.

ಸಾಕುದನದಿಂದ ಕಾಟಿಗೆ ಬರುವ ರೋಗವೂ ಇದೆ. 1968ರಲ್ಲಿ ಬಂಡೀಪುರ, ಮುದುಮಲೆ ಕಡೆ ದೊಡ್ಡರೋಗ (ರಿಂಡರ್‌ಪೆಸ್ಟ್) ಬಂದು ಕಾಟಿಗಳು ಸಾಲುಸಾಲಾಗಿ ಸತ್ತಿದ್ದವು. ಈಗ ದೇಶದಲ್ಲಿ ದೊಡ್ಡರೋಗ ಇಲ್ಲ, ಆದರೆ ಕಾಲುಬಾಯಿ ರೋಗ ಇದೆ. ಕಾಡಂಚಿನ ಹಳ್ಳಿಗಳ ದನಕ್ಕೆ ಸರಿಯಾಗಿ ಲಸಿಕೆ ಹಾಕಿಸಿದರೆ ರೈತನಿಗೂ ಲಾಭ, ಕಾಟಿಗೂ ಲಾಭ. ಮೋಗಾನ ಹೆಸರಿನಲ್ಲಿ ಒಂದು ಲಸಿಕೆ ಶಿಬಿರ ಮಾಡಿದ್ದರೆ ಬೀಚಿನ ಒಂದು ಲೇಸರ್ ಶೋಗಿಂತ ಕಡಿಮೆ ಖರ್ಚಾಗುತ್ತಿತ್ತೇನೋ.

ಇನ್ನೊಬ್ಬರ ಬಗ್ಗೆಯೂ ಹೇಳಬೇಕು. ಮ್ಯಾಸ್ಕಟ್ ವೇಷದ ಒಳಗಿರುವ ಹುಡುಗ.

ಯಾವ ಕೂಟ, ಯಾವ ಊರು ಅಂತ ಬರೆಯುವುದಿಲ್ಲ. ಒಬ್ಬ ಬಡ ಹುಡುಗನ ಕೆಲಸಕ್ಕೆ ಕುತ್ತು ಬರುವುದು ಬೇಡ. ಮಧ್ಯಾಹ್ನದ ಬಿಸಿಲು. ಸ್ಟೇಡಿಯಂ ಹಿಂದೆ ಜನರೇಟರ್ ಪಕ್ಕ ಆ ವೇಷದ ತಲೆ ಕೆಳಗಿಟ್ಟು ಅವನು ಕೂತಿದ್ದ. ಮೈಯೆಲ್ಲ ನೀರು ಸುರಿದ ಹಾಗೆ ಬೆವರು. ಒಳಗೆ ದಪ್ಪ ಸ್ಪಂಜು, ಮೇಲೆ ಕೃತಕ ತುಪ್ಪಳ, ನೋಡುವುದಕ್ಕೆ ಬಾಯಿಯ ಜಾಗದಲ್ಲಿ ಒಂದು ಜಾಲರಿ. ಎಷ್ಟು ಹೊತ್ತು ಹಾಕಿಕೊಳ್ತೀಯಪ್ಪಾ ಅಂದೆ. ಬಿಡುವು ಕೊಟ್ಟಾಗ ಬಿಚ್ತೇನೆ ಸರ್, ಇವತ್ತು ಶಾಲೆ ಮಕ್ಕಳು ಜಾಸ್ತಿ ಬಂದಿದಾರೆ, ಬಿಡುವಿಲ್ಲ ಅಂದ. ದಿನಗೂಲಿ. ಬೇರೆ ದಿನಗಳಲ್ಲಿ ಮದುವೆ ಮನೆಗಳಲ್ಲಿ ಇದೇ ಥರದ ಗೊಂಬೆ ವೇಷ ಹಾಕುತ್ತಾನಂತೆ. ನನ್ನ ಬಾಟಲಿಯ ನೀರು ಕೊಟ್ಟೆ, ಒಂದೇ ಗುಕ್ಕಿಗೆ ಕುಡಿದ. ಅಷ್ಟರಲ್ಲಿ ಯಾರೋ ವಾಕಿಟಾಕಿ ಹಿಡಿದವರು ಬಂದು ಗದರಿದರು. ತಲೆ ಹಾಕಿಕೊಂಡು ಓಡಿದ.

ನಾನು ಬಿಸಿಲಿನಲ್ಲಿ ಮಕ್ಕಳನ್ನು ಓಡಿಸಿದವನು. ಮೈ ಕಾವೇರಿ ತಲೆಸುತ್ತು ಬಂದವರನ್ನು ನೆರಳಿಗೆ ಹೊತ್ತುಕೊಂಡು ಹೋದವನು. ಅದರ ಲಕ್ಷಣ ನನಗೆ ಗೊತ್ತು. ಆ ಹುಡುಗನ ಮುಖದಲ್ಲಿ ಅದು ಇತ್ತು. ಅಥ್ಲೀಟ್‌ಗಳಿಗೆ ಡಾಕ್ಟರ್, ಫಿಸಿಯೊ, ಐಸ್ ಬಾತ್ ಎಲ್ಲ ಇರುತ್ತದೆ, ಇರಲೇಬೇಕು. ಅವರಿಗಿಂತ ಜಾಸ್ತಿ ಹೊತ್ತು ಬಿಸಿಲಲ್ಲಿ ಕುಣಿಯುವವನಿಗೆ ಸರದಿ ಇಲ್ಲ, ನೀರಿಲ್ಲ. ಇದನ್ನು ಸರಿಪಡಿಸುವುದಕ್ಕೆ ಕಾನೂನು ಬೇಕಿಲ್ಲ. ಆತಿಥೇಯ ರಾಜ್ಯದ ಜೊತೆ ಮಾಡಿಕೊಳ್ಳುವ ಕರಾರಿನಲ್ಲಿ ಎರಡು ಸಾಲು ಸೇರಿಸಿದರೆ ಸಾಕು: ಒಂದು ವೇಷಕ್ಕೆ ಸರದಿಯಲ್ಲಿ ಕನಿಷ್ಠ ಮೂವರು, ಒಬ್ಬರಿಗೆ ಒಂದು ಸಲಕ್ಕೆ ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ಇಲ್ಲ.

ಒಳ್ಳೆಯದು ನಡೆದೇ ಇಲ್ಲ ಅಂತಲ್ಲ. ಉತ್ತರಾಖಂಡ 2025ರ ಕೂಟಕ್ಕೆ ಹಸಿರು ಕ್ರೀಡಾಕೂಟ ಅಂತ ಹೆಸರಿಟ್ಟು ಇ-ತ್ಯಾಜ್ಯದಿಂದ ಪದಕ ಮಾಡಿಸಿತು. ಪದಕ ಗೆದ್ದವರ ಹೆಸರಿನಲ್ಲಿ ರುದ್ರಾಕ್ಷಿ ಗಿಡ ನೆಡುವ ಖೇಲ್ ವನ ಅಂತ ಒಂದು ಜಾಗವನ್ನೇ ಮಾಡಿದರು. ಅಲ್ಲಿ ಕರ್ನಾಟಕಕ್ಕೆ 34 ಚಿನ್ನ ಬಂತು. ನಮ್ಮ ಧಿನಿಧಿ ದೇಸಿಂಗು ಎಂಬ 14ರ ಹುಡುಗಿ ಒಬ್ಬಳೇ ಈಜಿನಲ್ಲಿ 9 ಚಿನ್ನ ಗೆದ್ದಳು. ಅವಳಂಥವರ ಹೆಸರಿನಲ್ಲಿ ಹಿಮಾಲಯದ ತಪ್ಪಲಲ್ಲಿ ಗಿಡಗಳು ಬೆಳೆಯುವುದು ಅಂದರೆ ಸಂತೋಷವೇ. ಆದರೆ ಮೌಲಿಗೆ, ಅಂದರೆ ಮೋನಾಲ್ ಹಕ್ಕಿಗೆ, ರುದ್ರಾಕ್ಷಿ ತೋಪಿನಿಂದ ಏನೂ ಆಗುವುದಿಲ್ಲ. ಅದು ಎತ್ತರದ ಹುಲ್ಲುಗಾವಲು, ದೇವದಾರು, ಬುರಾಂಶ್ ಕಾಡುಗಳ ಹಕ್ಕಿ. ಉತ್ತರಾಖಂಡದ ಕಾಡಿಗೆ ದೊಡ್ಡ ಕಾಟ ಕಾಡ್ಗಿಚ್ಚು. 2024ರ ಜೂನ್‌ನಲ್ಲಿ ಅಲ್ಮೋಡಾ ಹತ್ತಿರದ ಬಿನ್ಸರ್ ಅಭಯಾರಣ್ಯದಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ಇಲಾಖೆಯ ತಂಡದ ನಾಲ್ವರು ಸ್ಥಳದಲ್ಲೇ ಸುಟ್ಟು ಸತ್ತರು. ಅದಾಗಿ ಎಂಟು ತಿಂಗಳೊಳಗೆ ಮೌಲಿ ಮೈದಾನದಲ್ಲಿ ಕುಣಿಯಿತು.

ಪದಕಕ್ಕೊಂದು ಗಿಡ ನೆಡಬಹುದಾದರೆ ಪದಕಕ್ಕೊಬ್ಬ ಕಾವಲುಗಾರನನ್ನು ನೋಡಿಕೊಳ್ಳಬಹುದಲ್ಲ? ಇದೇ ನನ್ನ ಮುಖ್ಯ ಕೋರಿಕೆ.

ಈ ಥರದ ಯೋಚನೆ ಹೊಸದೇನಲ್ಲ. 2014ರಲ್ಲಿ ಬ್ರೆಜಿಲ್‌ನಲ್ಲಿ ಫುಟ್ಬಾಲ್ ವಿಶ್ವಕಪ್ ನಡೆದಾಗ ಮ್ಯಾಸ್ಕಟ್ ಫುಲೆಕೊ ಎಂಬ ಆರ್ಮಡಿಲ್ಲೊ. ಮೈಮೇಲೆ ಚಿಪ್ಪಿದ್ದು, ಹೆದರಿದರೆ ಚೆಂಡಿನ ಹಾಗೆ ಸುತ್ತಿಕೊಳ್ಳುವ ಪ್ರಾಣಿ. ಅಳಿವಿನಂಚಿನದು. ಅಲ್ಲಿನ ವಿಜ್ಞಾನಿಗಳು ಫಿಫಾಕ್ಕೂ ಸರ್ಕಾರಕ್ಕೂ ಬಹಿರಂಗವಾಗಿ ಒಂದು ಸವಾಲು ಹಾಕಿದರು: ಟೂರ್ನಿಯಲ್ಲಿ ಬೀಳುವ ಪ್ರತಿ ಗೋಲಿಗೆ ಆ ಪ್ರಾಣಿಯ ಕಾಡಿನಲ್ಲಿ 1,000 ಹೆಕ್ಟೇರ್ ರಕ್ಷಿಸಿ. ನಾನು ಅಷ್ಟು ದೊಡ್ಡದನ್ನು ಕೇಳುತ್ತಿಲ್ಲ. ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಬೀಳುವ ಪ್ರತಿ ಚಿನ್ನದ ಪದಕಕ್ಕೆ, ಆ ಮ್ಯಾಸ್ಕಟ್ ಪ್ರಾಣಿಯ ಕಾಡಿನಲ್ಲಿ ಕೆಲಸ ಮಾಡುವ ಒಬ್ಬ ವಾಚರ್‌ಗೆ ನಾಲ್ಕು ವರ್ಷದ ವಿಮೆ, ಒಳ್ಳೆಯ ಬೂಟು, ಮಳೆ ಕೋಟು, ಟಾರ್ಚು ಕೊಡಿಸಿ. ನಮ್ಮ ವಾಚರ್‌ಗಳು ಬಹುಪಾಲು ದಿನಗೂಲಿಯವರು. ಅವರಲ್ಲಿ ಕೆಲವರು ನನ್ನ ಹಳೆ ವಿದ್ಯಾರ್ಥಿಗಳು. ಜಿಲ್ಲಾ ಮಟ್ಟದಲ್ಲಿ ಓಡಿ ಗೆದ್ದವರು. ಕ್ರೀಡಾ ಕೋಟಾದಲ್ಲಿ ಕೆಲಸ ಸಿಗದೆ ಕಾಡು ಕಾಯುತ್ತಿದ್ದಾರೆ.

ಕಾವಲಿನಿಂದ ಏನಾಗುತ್ತದೆ ಅನ್ನುವುದಕ್ಕೆ ಅಸ್ಸಾಂ ನೋಡಿ. ರೊಂಗ್ಮೊನ್ ಕುಣಿದು ಹೋದ ಮೇಲೂ ಕೊಂಬಿಗಾಗಿ ಘೇಂಡಾಮೃಗಗಳನ್ನು ಕೊಲ್ಲುವುದು ನಿಲ್ಲಲಿಲ್ಲ. ಆಮೇಲೆ ಅರಣ್ಯ ಸಿಬ್ಬಂದಿ, ಪೊಲೀಸರು ಸೇರಿ ಪಟ್ಟು ಹಿಡಿದರು. 2021ರಲ್ಲಿ ಸರ್ಕಾರದ ಖಜಾನೆಯಲ್ಲಿದ್ದ 2,479 ಕೊಂಬುಗಳನ್ನು ಎಲ್ಲರೆದುರು ಸುಟ್ಟರು. 2022ರಲ್ಲಿ ಅಸ್ಸಾಂನಲ್ಲಿ ಒಂದೂ ಘೇಂಡಾಮೃಗ ಬೇಟೆಗೆ ಬಲಿಯಾಗಲಿಲ್ಲ. ನಿಮ್ಮ ಕೇರಳದ ವಾಳಚ್ಚಾಲ್‌ನಲ್ಲಿ ಕಾಡರ್ ಸಮುದಾಯದವರು ಮಂಗಟ್ಟೆ ಹಕ್ಕಿಯ ಗೂಡು ಕಾಯುತ್ತಾರೆ. ಮರಿ ಹಿಡಿಯುತ್ತಿದ್ದವರೇ ಈಗ ಕಾವಲು. ಅದೇ ಕಾಡಿನ ಮೇಲೆ ಅತಿರಪ್ಪಿಳ್ಳಿ ಜಲವಿದ್ಯುತ್ ಯೋಜನೆ ದಶಕಗಳ ಕಾಲ ತೂಗುತ್ತಿತ್ತು. ಅಮ್ಮುವನ್ನು ಆರಿಸಿದಾಗ ಆ ಕಾಡರ್ ಕುಟುಂಬಗಳಲ್ಲಿ ಇಬ್ಬರನ್ನಾದರೂ ಉದ್ಘಾಟನೆಯ ಮೆರವಣಿಗೆಯಲ್ಲಿ ನಡೆಸಬಹುದಿತ್ತು.

ಹಾಗಾಗಿ ಎರಡನೆಯ ಕೋರಿಕೆ: ಮ್ಯಾಸ್ಕಟ್ ಆರಿಸುವ ಸಮಿತಿಯಲ್ಲಿ ಜಾಹೀರಾತು ಏಜೆನ್ಸಿಯವರ ಜೊತೆ ಆ ಪ್ರಾಣಿ ಬಲ್ಲ ಒಬ್ಬ ವಿಜ್ಞಾನಿ, ಅದರ ಜೊತೆ ಬದುಕುವ ಊರಿನ ಇಬ್ಬರು ಇರಲಿ. ಅನಾವರಣದ ದಿನವೇ ಆತಿಥೇಯ ರಾಜ್ಯ ಒಂದು ಪುಟದ ಕಾಗದ ಓದಲಿ. ಈ ಪ್ರಾಣಿ ಎಷ್ಟಿದೆ, ಅದಕ್ಕೆ ಏನು ಕಷ್ಟ, ನಾವು ಏನು ಮಾಡುತ್ತೇವೆ, ಅದರ ಮೇಲೆ ಯಾವ ಕೋರ್ಟ್ ಆದೇಶ ಬಾಕಿ ಇದೆ. ಕೊನೆಯದು ಮುಖ್ಯ. ಕೋರ್ಟ್ ಹೇಳಿದ್ದನ್ನು ಮಾಡದ ರಾಜ್ಯಕ್ಕೆ ಅದೇ ಪ್ರಾಣಿಯನ್ನು ಮ್ಯಾಸ್ಕಟ್ ಮಾಡಲು ನಿಮ್ಮ ಸಂಸ್ಥೆ ಒಪ್ಪಿಗೆ ಕೊಡಬಾರದು. ಡೋಪಿಂಗ್‌ಗೆ ನಿಯಮ ಇದೆ, ಜರ್ಸಿಯ ಅಳತೆಗೆ ನಿಯಮ ಇದೆ. ಇದಕ್ಕೂ ಒಂದು ಇರಲಿ.

ಟೋಪಿ, ಗೊಂಬೆ, ಟೀಶರ್ಟ್ ಮಾರಿದ ದುಡ್ಡಿನಲ್ಲಿ ಒಂದು ನಿಗದಿತ ಪಾಲು ಕಾಡಂಚಿನ ರೈತರ ಬೆಳೆ ಪರಿಹಾರಕ್ಕೆ ಹೋಗಲಿ ಅಂತಲೂ ಕೇಳುತ್ತೇನೆ. ಎಷ್ಟು ಅಂತ ನೀವೇ ನಿಶ್ಚಯಿಸಿ, ಆದರೆ ನಿಶ್ಚಯಿಸಿದ್ದನ್ನು ಟೋಪಿಯ ಲೇಬಲ್ ಮೇಲೆ ಅಚ್ಚು ಹಾಕಿಸಿ. ಹತ್ತು ರೂಪಾಯಿ ಕಾಟಿಗೆ ಹೋಗುತ್ತದೆ ಅಂತ ಗೊತ್ತಾದರೆ ಜನ ಇನ್ನೊಂದು ಟೋಪಿ ಕೊಳ್ಳುತ್ತಾರೆ.

ಇಷ್ಟೆಲ್ಲ ಹೇಳುವ ಕರ್ನಾಟಕದವನು ಮೊದಲು ತನ್ನ ಮನೆ ನೋಡಿಕೊಳ್ಳಲಿ ಅಂತ ನೀವು ಅನ್ನಬಹುದು. ಸರಿಯಾದ ಮಾತು. ನಮ್ಮ ರಾಜ್ಯಪ್ರಾಣಿ ಆನೆ. 1997ರಲ್ಲಿ ನಾವು ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ರೀಡಾಕೂಟ ನಡೆಸಿದೆವು. ಕೋರಮಂಗಲದ ನ್ಯಾಷನಲ್ ಗೇಮ್ಸ್ ವಿಲೇಜ್‌ನ ಫ್ಲಾಟುಗಳು ಇವತ್ತಿಗೂ ಆ ಕೂಟದ ಹೆಸರು ಹೇಳುತ್ತಿವೆ. ಎಂಟು ಸಲ ದಸರಾ ಚಿನ್ನದ ಅಂಬಾರಿ ಹೊತ್ತ ಅರ್ಜುನನನ್ನು ನಾವು 2023ರ ಡಿಸೆಂಬರ್‌ನಲ್ಲಿ ಸಕಲೇಶಪುರ ತಾಲ್ಲೂಕಿನ ಯಸಳೂರು ಕಾಡಿನಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಗೆ ಕರೆದುಕೊಂಡು ಹೋದೆವು. ಅಲ್ಲೇ ಕಾಡಾನೆಯ ಜೊತೆ ಕಾದಾಡಿ ಸತ್ತ. ಅಂಬಾರಿ ಹೊತ್ತ ಆನೆಗೆ ವಯಸ್ಸಾದ ಮೇಲೆ ಏನು ಕೆಲಸ ಕೊಡಬೇಕು ಅಂತ ನಾವೂ ಯೋಚಿಸಿರಲಿಲ್ಲ. ಮುಂದೆ ಕರ್ನಾಟಕಕ್ಕೆ ಕೂಟ ಬಂದು ನಾವು ಆನೆಯನ್ನು ಮ್ಯಾಸ್ಕಟ್ ಮಾಡಿದರೆ ಇದೇ ಪ್ರಶ್ನೆಗಳನ್ನು ನಮಗೂ ಕೇಳಿ. ಹಾಸನ, ಕೊಡಗಿನಲ್ಲಿ ಆನೆಯಿಂದ ಸತ್ತವರ ಮನೆಯವರನ್ನೂ ಆ ಸಮಿತಿಗೆ ಕರೆಯಿರಿ.

ಇದನ್ನು ಈಗ ಬರೆಯುವುದಕ್ಕೆ ಕಾರಣ ಇದೆ. 39ನೇ ಕೂಟ ಮೇಘಾಲಯದ್ದು, 2027ಕ್ಕೆ. ಮೋಡಚಿರತೆ ಅವರ ರಾಜ್ಯಪ್ರಾಣಿ. ದೇಶದ ಕಾಡುಗಳಲ್ಲಿರುವ ಒಂದೇ ಬಾಲವಿಲ್ಲದ ವಾನರ (ಇಂಗ್ಲಿಷಿನಲ್ಲಿ ಏಪ್) ಹೂಲಾಕ್ ಗಿಬ್ಬನ್ ಸಹ ಅವರ ಗಾರೋ ಬೆಟ್ಟಗಳಲ್ಲಿದೆ. ಅಲ್ಲಿನ ಕಾಡಿನ ದೊಡ್ಡ ಪಾಲು ಸರ್ಕಾರದ್ದಲ್ಲ, ಊರುಗಳದ್ದು ಮತ್ತು ಕುಲಗಳದ್ದು. ಅಂದರೆ ಊರಿನವರನ್ನು ಕೇಳದೆ ಅಲ್ಲಿ ಪ್ರಾಣಿಯನ್ನು ಉಳಿಸುವ ದಾರಿಯೇ ಇಲ್ಲ. 2030ಕ್ಕೆ ಅಹಮದಾಬಾದಿನಲ್ಲಿ ಕಾಮನ್‌ವೆಲ್ತ್ ಗೇಮ್ಸ್ ಬರುತ್ತಿದೆ. ಮತ್ತೆ ಸಿಂಹವನ್ನೇ ನಿಲ್ಲಿಸುವ ಆಸೆ ಹಲವರಿಗೆ ಇರುತ್ತದೆ. ನಿಲ್ಲಿಸಲಿ. ಅಷ್ಟರೊಳಗೆ ಗುಜರಾತಿನ ಹೊರಗೆ ಕಾಡಿನಲ್ಲಿ ಸಿಂಹದ ಒಂದು ಹಿಂಡು ಇದ್ದರೆ ನಾನೇ ಟಿಕೆಟ್ ತೆಗೆದುಕೊಂಡು ನೋಡಲು ಬರುತ್ತೇನೆ.

ಪ್ರತಿ ಸಮಾರೋಪದಲ್ಲಿ ಮುಂದಿನ ರಾಜ್ಯಕ್ಕೆ ನಿಮ್ಮ ಸಂಸ್ಥೆಯ ಧ್ವಜ ಕೊಡುತ್ತೀರಿ. ಮೇಘಾಲಯದಿಂದ ಶುರು ಮಾಡಿ. ಧ್ವಜ ಹಸ್ತಾಂತರಕ್ಕೆ ಮುಂಚೆ ಐದು ನಿಮಿಷ ಬಿಡುವು ಮಾಡಿ, ಹಿಂದಿನ ಆತಿಥೇಯ ರಾಜ್ಯದ ಪ್ರತಿನಿಧಿ ವೇದಿಕೆಗೆ ಬಂದು ತಮ್ಮ ಮ್ಯಾಸ್ಕಟ್ ಪ್ರಾಣಿಗೆ ಈ ಅವಧಿಯಲ್ಲಿ ಏನು ಮಾಡಿದೆವು ಅಂತ ಓದಲಿ. ಏನೂ ಮಾಡಿಲ್ಲ ಅಂದರೆ ಅದನ್ನೇ ಓದಲಿ. ಮೊದಲ ಸರದಿ ಉತ್ತರಾಖಂಡದ್ದು.

ಈ ಪತ್ರದ ಪ್ರತಿಯನ್ನು ಕೇಂದ್ರ ಕ್ರೀಡಾ ಸಚಿವಾಲಯಕ್ಕೂ ಮೇಘಾಲಯದ ಕ್ರೀಡಾ ಇಲಾಖೆಗೂ ಕಳಿಸುತ್ತಿದ್ದೇನೆ. ನಿಮ್ಮ ಜವಾಬು ಕನ್ನಡದಲ್ಲೇ ಬರಬೇಕು ಅಂತ ಹಟ ಇಲ್ಲ. ಮಲಯಾಳದಲ್ಲಿ ಬರೆದರೂ ಪರವಾಗಿಲ್ಲ, ನಮ್ಮ ಊರಿನ ಆಸ್ಪತ್ರೆಯಲ್ಲಿ ಕೇರಳದ ನರ್ಸ್ ಒಬ್ಬರಿದ್ದಾರೆ, ಅವರ ಹತ್ತಿರ ಓದಿಸಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಪಿಟಿ ಮಾಸ್ತರ
ಜೋಯಿಡಾ ತಾಲ್ಲೂಕು, ಉತ್ತರ ಕನ್ನಡ